ಎಂಟು ತಿಂಗಳ ಕುರ್ಚಿ, ನಾಲ್ಕು ವರ್ಷದ ಅಧಿಕಾರ

ತೌಲನಿಕ ಸಂವಿಧಾನ ಪಾಠ ಮಾಡುವ ನಮ್ಮಂಥವರಿಗೆ ಬೋಸ್ನಿಯಾ ಮತ್ತು ಹೆರ್ಜೆಗೊವಿನಾ ಬಿಟ್ಟರೂ ಬಿಡದ ದೇಶ. ಅಲ್ಲಿನ ಸಂವಿಧಾನ ಗಾತ್ರದಲ್ಲಿ ಚಿಕ್ಕದು. ಬೋಸ್ನಿಯಾ ಯುದ್ಧಕ್ಕೆ ಕೊನೆ ಹಾಡಿದ 1995ರ ಡೇಟನ್ ಒಪ್ಪಂದದ ನಾಲ್ಕನೇ ಅನುಬಂಧವೇ ಅದು, ಒಂದು ಸಂಜೆ ಕೂತರೆ ಓದಿ ಮುಗಿಸಬಹುದು. ಆದರೂ ಉತ್ತರಪತ್ರಿಕೆಗಳಲ್ಲಿ ವರ್ಷ ವರ್ಷವೂ ಅದೇ ವಾಕ್ಯ: "ಬೋಸ್ನಿಯಾದಲ್ಲಿ ಬೋಸ್ನಿಯಾಕ್, ಸರ್ಬ್, ಕ್ರೊಯೇಟ್ ನಾಯಕರು ಎಂಟೆಂಟು ತಿಂಗಳು ಸರದಿಯಂತೆ ರಾಷ್ಟ್ರಪತಿಗಳಾಗಿ ಆಳುತ್ತಾರೆ." ವಿದ್ಯಾರ್ಥಿಗಳಷ್ಟೇ ಅಲ್ಲ, ಸುದ್ದಿಮನೆಗಳಿಂದ ಫೋನ್ ಮಾಡುವ ಉತ್ಸಾಹಿ ಹುಡುಗರೂ ಹೀಗೇ ಕೇಳುತ್ತಾರೆ. "ಸರ್, ಈಗ ಅಲ್ಲಿ ಯಾರ ಸರದಿ? ಮುಸ್ಲಿಮರದ್ದಾ, ಸರ್ಬರದ್ದಾ?" (ಬೋಸ್ನಿಯಾಕರು ಎಂದರೆ ಅಲ್ಲಿನ ಮುಸ್ಲಿಮರು.)

ಈ ತಪ್ಪಿನ ಬೇರು ನನಗೆ ಗೊತ್ತು. 2006ರಲ್ಲಿ ನಮ್ಮ ರಾಜ್ಯದಲ್ಲಿ ಎರಡು ಪಕ್ಷಗಳು ಇಪ್ಪತ್ತು ತಿಂಗಳು ನಿಮಗೆ, ಇಪ್ಪತ್ತು ತಿಂಗಳು ನಮಗೆ ಎಂದು ಮುಖ್ಯಮಂತ್ರಿ ಸ್ಥಾನ ಹಂಚಿಕೊಂಡವು. ಆ ನೆನಪು ಇರುವವರಿಗೆ ಸರದಿ ಎಂದ ಕೂಡಲೇ ಒಬ್ಬ ಇಳಿದ, ಇನ್ನೊಬ್ಬ ಏರಿದ ಎಂಬ ಚಿತ್ರ ಕಣ್ಣ ಮುಂದೆ ಬರುತ್ತದೆ. ಬೋಸ್ನಿಯಾದಲ್ಲಿ ಯಾರೂ ಇಳಿಯುವುದಿಲ್ಲ, ಯಾರೂ ಏರುವುದಿಲ್ಲ. ದಯವಿಟ್ಟು ಇದೊಂದನ್ನು ಸಾವಧಾನವಾಗಿ ಓದಿ.

ಅಲ್ಲಿ ರಾಷ್ಟ್ರದ ಮುಖ್ಯಸ್ಥ ಎಂದರೆ ಒಬ್ಬ ವ್ಯಕ್ತಿಯಲ್ಲ, ಮೂವರು ಸದಸ್ಯರ ಒಂದು ಅಧ್ಯಕ್ಷ ಮಂಡಳಿ. ಒಬ್ಬ ಬೋಸ್ನಿಯಾಕ್, ಒಬ್ಬ ಕ್ರೊಯೇಟ್, ಒಬ್ಬ ಸರ್ಬ್. ನಾಲ್ಕು ವರ್ಷಕ್ಕೆ ಮೂವರನ್ನೂ ಜನರೇ ನೇರವಾಗಿ ಆರಿಸುತ್ತಾರೆ, ಮೂವರೂ ಆ ನಾಲ್ಕು ವರ್ಷ ಪೂರ್ತಿ ಅಧಿಕಾರದಲ್ಲಿರುತ್ತಾರೆ. ಎಂಟು ತಿಂಗಳಿಗೊಮ್ಮೆ ಬದಲಾಗುವುದು ಸಭೆ ನಡೆಸುವ ಪೀಠ ಮಾತ್ರ. ಆ ಪೀಠದಲ್ಲಿ ಕೂತವರು ಸಭೆ ಕರೆಯುತ್ತಾರೆ, ವಿದೇಶಿ ಅತಿಥಿಗಳನ್ನು ಬರಮಾಡಿಕೊಳ್ಳುತ್ತಾರೆ. ಅವರ ಮತದ ತೂಕ ಮಾತ್ರ ಒಂದು ಗುಲಗಂಜಿಯಷ್ಟೂ ಹೆಚ್ಚುವುದಿಲ್ಲ. ಅವಿಭಕ್ತ ಆಸ್ತಿಯಲ್ಲಿ ಮೂವರು ಹಕ್ಕುದಾರರಿದ್ದು, ದಾಖಲೆಗಳ ಗಂಟನ್ನು ಈ ವರ್ಷ ಹಿರಿಯವನ ಮನೆಯಲ್ಲಿಟ್ಟರೆ ಆಸ್ತಿ ಅವನದಾಗುತ್ತದೆಯೇ? ಗಂಟು ಯಾರ ಮನೆಯಲ್ಲಿದ್ದರೂ ಮಾರಾಟಕ್ಕೆ ಮಿಕ್ಕವರ ಒಪ್ಪಿಗೆ ಬೇಕೇ ಬೇಕು.

ನಿರ್ಧಾರಗಳು ಆಗುವ ಬಗೆ ಹೀಗೆ. ವಿದೇಶಾಂಗ ನೀತಿ, ರಾಯಭಾರಿಗಳ ನೇಮಕ, ಅಂತರರಾಷ್ಟ್ರೀಯ ಒಪ್ಪಂದಗಳು, ಬಜೆಟ್ ಪ್ರಸ್ತಾವ ಮಂಡಳಿಯ ಮುಖ್ಯ ಕೆಲಸಗಳು. ಸೇನೆಯ ಮೇಲಿನ ನಾಗರಿಕ ನಿಯಂತ್ರಣವೂ ಅದರದ್ದೇ. ಮೊದಲು ಮೂವರ ಒಮ್ಮತಕ್ಕೆ ಪ್ರಯತ್ನ ಮಾಡಬೇಕು. ಆಗದಿದ್ದರೆ ಬಹಳಷ್ಟು ವಿಷಯಗಳಲ್ಲಿ ಇಬ್ಬರ ಬಹುಮತ ಸಾಕು. ಆಗ ಒಪ್ಪದೆ ಉಳಿದ ಮೂರನೆಯವರು ಮೂರು ದಿನದೊಳಗೆ, ತಾನು ಆರಿಸಿ ಬಂದ ಭಾಗದ ಜೀವನಾಡಿಯಾದ ಹಿತಕ್ಕೆ ಈ ನಿರ್ಧಾರ ಮಾರಕ ಎಂದು ಘೋಷಿಸಬಹುದು. ದೇಶ ಮುಖ್ಯವಾಗಿ ಎರಡು ಸ್ವಾಯತ್ತ ಭಾಗಗಳಾಗಿದೆ: ಸರ್ಬರು ಬಹುಸಂಖ್ಯಾತರಾದ ರಿಪಬ್ಲಿಕಾ ಸರ್ಪ್ಸ್ಕಾ, ಬೋಸ್ನಿಯಾಕ್ ಮತ್ತು ಕ್ರೊಯೇಟರು ಬಹುಸಂಖ್ಯಾತರಾದ 'ಒಕ್ಕೂಟ'. ಘೋಷಿಸಿದವರು ಸರ್ಬ್ ಸದಸ್ಯರಾದರೆ ವಿಷಯ ರಿಪಬ್ಲಿಕಾ ಸರ್ಪ್ಸ್ಕಾದ ಶಾಸನಸಭೆಗೆ ಹೋಗುತ್ತದೆ. ಬೋಸ್ನಿಯಾಕ್ ಅಥವಾ ಕ್ರೊಯೇಟ್ ಸದಸ್ಯರಾದರೆ ಒಕ್ಕೂಟದ ಮೇಲ್ಮನೆಯಲ್ಲಿರುವ ಅವರವರ ಪ್ರತಿನಿಧಿಗಳ ಮುಂದೆ. ಹತ್ತು ದಿನದೊಳಗೆ ಮೂರನೇ ಎರಡರಷ್ಟು ಮಂದಿ ಹೌದೆಂದರೆ ನಿರ್ಧಾರ ಬಿದ್ದುಹೋಯಿತು. ಈ ಇಡೀ ಏರ್ಪಾಡಿನಲ್ಲಿ ಪೀಠದಲ್ಲಿರುವವರಿಗೆ ವಿಶೇಷ ಪಾತ್ರ ಎಲ್ಲಿದೆ, ಹುಡುಕಿ ನೋಡಿ. ಇಲ್ಲ.

ಪುಸ್ತಕದ ಮಾತು ಸಾಲದೆನ್ನುವವರಿಗೆ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ಒಂದು ಪ್ರಸಂಗ ಹೇಳುತ್ತೇನೆ. ನರಮೇಧದ ಆರೋಪ ಹೊರಿಸಿ ಬೋಸ್ನಿಯಾ 1993ರಲ್ಲಿ ಯುಗೊಸ್ಲಾವಿಯಾದ (ಅದರ ಉತ್ತರಾಧಿಕಾರಿ ಇಂದಿನ ಸರ್ಬಿಯಾ) ಮೇಲೆ ಮೊಕದ್ದಮೆ ಹೂಡಿತ್ತು. 1999ರ ಜೂನ್‌ನಲ್ಲಿ ಅಧ್ಯಕ್ಷ ಮಂಡಳಿಯ ಪೀಠದಲ್ಲಿದ್ದವರು ಸರ್ಬ್ ಸದಸ್ಯ ಝಿವ್ಕೊ ರಾದಿಶಿಚ್. ಅವರ ಸರದಿ ಮುಗಿಯಲು ಕೆಲವೇ ದಿನ ಬಾಕಿ. ಅವರು ನ್ಯಾಯಾಲಯಕ್ಕೆ ಪತ್ರ ಬರೆದು ದೇಶದ ಪರವಾಗಿ ಒಬ್ಬ ಸಹ-ಪ್ರತಿನಿಧಿಯನ್ನು ನೇಮಿಸಿದರು. ಮರುದಿನವೇ ಆ ಪ್ರತಿನಿಧಿ, ಬೋಸ್ನಿಯಾ ಮೊಕದ್ದಮೆ ಕೈಬಿಡುತ್ತದೆ ಎಂದು ತಿಳಿಸಿದರು. ಮೊದಲಿನಿಂದ ಇದ್ದ ಪ್ರತಿನಿಧಿ ಅಧ್ಯಕ್ಷ ಮಂಡಳಿ ಇಂಥ ತೀರ್ಮಾನವನ್ನೇ ಮಾಡಿಲ್ಲವೆಂದು ಬರೆದರು. ಪತ್ರಗಳು ಹಿಂದೆ ಮುಂದೆ ಓಡಾಡಿದ ಮೇಲೆ, ಮೊಕದ್ದಮೆ ಕೈಬಿಡುವ ಇಚ್ಛೆಯನ್ನು ಬೋಸ್ನಿಯಾ ಸ್ಪಷ್ಟವಾಗಿ ತೋರಿಸಿಲ್ಲ ಎಂದು ನ್ಯಾಯಾಲಯ ಹೇಳಿತು. ವಿಚಾರಣೆ ಮುಂದುವರಿದು 2007ರ ಫೆಬ್ರುವರಿ 26ರಂದು ತೀರ್ಪು ಬಂತು. ಸ್ರೆಬ್ರೆನಿತ್ಸಾದ ನರಮೇಧ ತಡೆಯುವ ಹೊಣೆಯಲ್ಲಿ ಸರ್ಬಿಯಾ ಸೋತಿತೆಂದು ಅದೇ ತೀರ್ಪು ಹೇಳಿದ್ದು. ಪೀಠದಲ್ಲಿರುವವರೇ ದೇಶ ಎಂದಾಗಿದ್ದರೆ ಆ ಮೊಕದ್ದಮೆ 1999ರಲ್ಲೇ ಮುಚ್ಚಿಹೋಗುತ್ತಿತ್ತು.

ತರಗತಿಯಲ್ಲಿ ಇದನ್ನು ತಿಳಿಸಲು ನಾನು ಸುಲೇಮಾನ್ ತಿಹಿಚ್ ಅವರ ರಾಜಕೀಯ ಬದುಕನ್ನು ಎತ್ತಿಕೊಳ್ಳುತ್ತೇನೆ. ಬೋಸ್ನಿಯಾಕ್ ನಾಯಕರಲ್ಲಿ ಹೊರಗಿನವರಿಗೆ ಹೆಚ್ಚು ಗೊತ್ತಿರುವವರು ಆಲಿಯಾ ಇಝೆತ್‌ಬೆಗೊವಿಚ್, ಹಾರಿಸ್ ಸಿಲಾಯ್ಜಿಚ್. ತಿಹಿಚ್ ಅವರಷ್ಟು ಮಾತುಗಾರರಲ್ಲ. ನನಗೆ ಅವರ ಮೇಲೆ ಒಂದು ಮಮತೆ ಇದೆ ಎಂದು ಮೊದಲೇ ಹೇಳಿಬಿಡುತ್ತೇನೆ, ಓದುವವರು ಆ ಲೆಕ್ಕ ಹಿಡಿದೇ ಓದಲಿ.

ತಿಹಿಚ್ ಹುಟ್ಟಿದ್ದು 1951ರಲ್ಲಿ, ಬೋಸ್ನಾ ನದಿ ಸಾವಾ ನದಿಯನ್ನು ಸೇರುವಲ್ಲಿರುವ ಬೋಸಾನ್ಸ್ಕಿ ಶಾಮಾತ್ಸ್ ಎಂಬ ಪುಟ್ಟ ಪಟ್ಟಣದಲ್ಲಿ. ಇಝೆತ್‌ಬೆಗೊವಿಚ್ ಅವರದ್ದೂ ಅದೇ ಊರು. ಮುಂದೆ ಸರ್ಬಿಯಾದ ಪ್ರಧಾನಿಯಾದ ಜೊರಾನ್ ಜಿಂಜಿಚ್ ಹುಟ್ಟಿದ್ದೂ ಅಲ್ಲೇ. ತಿಹಿಚ್ ಸರಾಯೆವೊದಲ್ಲಿ ಕಾನೂನು ಓದಿ ನ್ಯಾಯಾಧೀಶರಾಗಿ, ಸರ್ಕಾರಿ ಅಭಿಯೋಜಕರಾಗಿ ಕೆಲಸ ಮಾಡಿ, ಆಮೇಲೆ ವಕೀಲಿ ಹಿಡಿದವರು. 1992ರ ಏಪ್ರಿಲ್‌ನಲ್ಲಿ ಸರ್ಬ್ ಪಡೆಗಳು ಊರು ಹಿಡಿದವು. ಕೆಲವೇ ದಿನಗಳಲ್ಲಿ ಅವರ ಬಂಧನವಾಯಿತು. ಶಾಮಾತ್ಸ್, ಬರ್ಚ್ಕೊ, ಬಿಯೆಲಿನಾ, ಕೊನೆಗೆ ಸರ್ಬಿಯಾದೊಳಗಿನ ಬಾತಾಯ್ನಿತ್ಸಾ ಮತ್ತು ಸ್ರೆಮ್ಸ್ಕಾ ಮಿತ್ರೊವಿತ್ಸಾ ಎಂದು ಸೆರೆಯಿಂದ ಸೆರೆಗೆ ಸಾಗಿಸಿದರು. ಏಟು ತಿಂದರು. ಆಗಸ್ಟ್‌ನಲ್ಲಿ ಕೈದಿಗಳ ವಿನಿಮಯದಲ್ಲಿ ಹೊರಬಂದರು. 2001ರಲ್ಲಿ ಹೇಗ್‌ನ ಯುದ್ಧಾಪರಾಧ ನ್ಯಾಯಮಂಡಳಿಯಲ್ಲಿ, ಶಾಮಾತ್ಸ್ ಪ್ರಕರಣದ ಆರೋಪಿಗಳ ಎದುರು ಸಾಕ್ಷಿಕಟ್ಟೆಯಲ್ಲಿ ಕೂತು ಇದೆಲ್ಲವನ್ನೂ ಹೇಳಿದರು.

ಇಷ್ಟಾದ ಮನುಷ್ಯ ಯುದ್ಧದ ನಂತರ ಎಲ್ಲಿ ಹೋಗಿ ಕೂತರು ಗೊತ್ತೇ? ರಿಪಬ್ಲಿಕಾ ಸರ್ಪ್ಸ್ಕಾದ ಶಾಸನಸಭೆಯಲ್ಲಿ. ಅವರ ಊರು ಈಗ ಆ ಭಾಗಕ್ಕೆ ಸೇರಿತ್ತು. ತನ್ನನ್ನು ಸೆರೆಗೆ ತಳ್ಳಿದ ಆಡಳಿತದ ಉತ್ತರಾಧಿಕಾರಿಗಳ ನಡುವೆ ಕೂತು ಸದಸ್ಯರಾಗಿ, ಮುಂದೆ ಉಪಸಭಾಪತಿಯಾಗಿಯೂ ಕೆಲಸ ಮಾಡಿದರು. ಎದುರಾಳಿಯ ಮುಖ ನೋಡಿ ಮಾತಾಡುವ ಅಭ್ಯಾಸ ಅವರಿಗೆ ಅಲ್ಲಿ ಗಟ್ಟಿಯಾಯಿತೆಂದು ನನ್ನ ಊಹೆ. 2001ರಲ್ಲಿ ಇಝೆತ್‌ಬೆಗೊವಿಚ್ ನಂತರ ಬೋಸ್ನಿಯಾಕರ ಎಸ್‌ಡಿಎ ಪಕ್ಷದ ಅಧ್ಯಕ್ಷರಾದರು. 2002ರ ಅಕ್ಟೋಬರ್ ಚುನಾವಣೆಯಲ್ಲಿ ಅಧ್ಯಕ್ಷ ಮಂಡಳಿಯ ಬೋಸ್ನಿಯಾಕ್ ಸದಸ್ಯರಾಗಿ ಆರಿಸಿ ಬಂದರು.

ಆ ವರ್ಷ ಅವರ ಜೊತೆ ಗೆದ್ದ ಇಬ್ಬರೂ ಅವಧಿ ಮುಗಿಸಲಿಲ್ಲ. ಸರ್ಬ್ ಸದಸ್ಯ ಮಿರ್ಕೊ ಶಾರೊವಿಚ್ ನಿರ್ಬಂಧ ಮುರಿದು ಇರಾಕ್‌ಗೆ ಮಿಲಿಟರಿ ಸಾಮಗ್ರಿ ಮಾರಿದ ಹಗರಣದಲ್ಲಿ 2003ರ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಟ್ಟರು. ಕ್ರೊಯೇಟ್ ಸದಸ್ಯ ದ್ರಾಗನ್ ಚೋವಿಚ್ ಅವರನ್ನು 2005ರ ಮಾರ್ಚ್‌ನಲ್ಲಿ ಡೇಟನ್ ಒಪ್ಪಂದದ ಜಾರಿಯನ್ನು ನೋಡಿಕೊಳ್ಳುವ ಅಂತರರಾಷ್ಟ್ರೀಯ ಉನ್ನತ ಪ್ರತಿನಿಧಿ ಪ್ಯಾಡಿ ಆಶ್‌ಡೌನ್ ವಜಾ ಮಾಡಿದರು. ಚುನಾಯಿತರನ್ನು ಹೀಗೆ ತೆಗೆದುಹಾಕುವ ಅಧಿಕಾರ ಇರುವ ಹೊರಗಿನ ಅಧಿಕಾರಿಯೊಬ್ಬರು ಮಂಡಳಿಯ ತಲೆಯ ಮೇಲಿದ್ದರು ಎಂಬುದನ್ನು ಸರದಿಯ ಲೆಕ್ಕ ಹಾಕುವವರು ಪೂರ್ತಿ ಮರೆಯುತ್ತಾರೆ. ಮೂವರಲ್ಲಿ ನಾಲ್ಕು ವರ್ಷ ಪೂರೈಸಿದವರು ತಿಹಿಚ್ ಒಬ್ಬರೇ. ಪೀಠದ ಸರದಿ ಅವರಿಗೆ 2004ರಲ್ಲಿ ಒಮ್ಮೆ, 2006ರಲ್ಲಿ ಇನ್ನೊಮ್ಮೆ ಬಂತು.

ಈಗ ಅವರ ಏಳುಬೀಳುಗಳನ್ನು ಆ ಸರದಿಯ ಪಕ್ಕದಲ್ಲಿಟ್ಟು ನೋಡಿ. ಆ ನಾಲ್ಕು ವರ್ಷಗಳ ಅತಿದೊಡ್ಡ ಸಾಧನೆ ಸೇನೆಯ ಏಕೀಕರಣ. ಪರಸ್ಪರ ಯುದ್ಧ ಮಾಡಿದ್ದ ಪಡೆಗಳು ಆಗಲೂ ಎರಡು ಸೇನೆಗಳಾಗಿಯೇ ಉಳಿದಿದ್ದವು, ಒಂದು ಒಕ್ಕೂಟದ್ದು, ಒಂದು ರಿಪಬ್ಲಿಕಾ ಸರ್ಪ್ಸ್ಕಾದ್ದು. 2006ರ ಜನವರಿ 1ರಿಂದ ದೇಶಕ್ಕೆ ಒಂದೇ ಸೇನೆ. ಅಂದು ಪೀಠದಲ್ಲಿದ್ದವರು ತಿಹಿಚ್ ಅಲ್ಲ, ಚೋವಿಚ್ ಜಾಗಕ್ಕೆ ಬಂದಿದ್ದ ಇವೊ ಮಿರೊ ಯೋವಿಚ್. (ನೇಟೊ ಮತ್ತು ಉನ್ನತ ಪ್ರತಿನಿಧಿಯ ಒತ್ತಡ ಇಲ್ಲದಿದ್ದರೆ ಇದು ಆಗುತ್ತಿತ್ತೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಶ್ರೇಯವನ್ನೆಲ್ಲ ಮಂಡಳಿಗೆ ಕೊಡಲು ನಾನು ಸಿದ್ಧನಿಲ್ಲ.)

ಇನ್ನು ಅವರ ಅತಿದೊಡ್ಡ ಸೋಲು. ಮೂವರ ನೇರ ಚುನಾವಣೆಯ ಬದಲು ಸಂಸತ್ತೇ ಒಬ್ಬ ಅಧ್ಯಕ್ಷರನ್ನೂ ಇಬ್ಬರು ಉಪಾಧ್ಯಕ್ಷರನ್ನೂ ಆರಿಸಬೇಕೆಂಬ ತಿದ್ದುಪಡಿ ಸೇರಿ, ಹಲವು ಸುಧಾರಣೆಗಳ ಒಂದು ಕಟ್ಟು ಸಿದ್ಧವಾಗಿತ್ತು. ತಿಹಿಚ್ ಅದರ ಪರ. 2006ರ ಏಪ್ರಿಲ್ 26ರಂದು ಕೆಳಮನೆಯಲ್ಲಿ ಮತಕ್ಕೆ ಹಾಕಿದಾಗ 42ರಲ್ಲಿ ಪರ 26, ವಿರುದ್ಧ 16. ಬೇಕಿದ್ದದ್ದು 28. ಎರಡು ಮತಗಳಿಂದ ಬಿದ್ದುಹೋಯಿತು. ಅಂದು ಪೀಠದಲ್ಲಿ ಯಾರಿದ್ದರು? ತಿಹಿಚ್ ಅವರೇ! ಎಂಟು ತಿಂಗಳ ಕುರ್ಚಿ ಅವರಿಗೆ ಆ ಎರಡು ಮತ ತಂದುಕೊಡಲಿಲ್ಲ. ವಿರೋಧದ ಮುಂಚೂಣಿಯಲ್ಲಿದ್ದ ಸಿಲಾಯ್ಜಿಚ್ ಅದೇ ಅಕ್ಟೋಬರ್‌ನಲ್ಲಿ ಶೇ. 60ಕ್ಕೂ ಹೆಚ್ಚು ಮತ ಪಡೆದು ಅವರನ್ನು ಸೋಲಿಸಿದರು.

ಅಲ್ಲಿಗೆ ಅವರ ಕಥೆ ಮುಗಿಯಿತೆಂದು ಬರೆದ ಉತ್ತರಗಳನ್ನೂ ಓದಿದ್ದೇನೆ. ಮುಗಿಯಲಿಲ್ಲ. ತಿಹಿಚ್ ಪಕ್ಷದ ಅಧ್ಯಕ್ಷರಾಗಿಯೇ ಉಳಿದರು, ಮೇಲ್ಮನೆಯಲ್ಲಿ ಕೂತರು. 2008ರ ನವೆಂಬರ್ 8ರಂದು ಮಿಲೊರಾದ್ ದೊದಿಕ್ ಮತ್ತು ಅದೇ ಚೋವಿಚ್ ಜೊತೆ ಪ್ರೂದ್ ಎಂಬ ಹಳ್ಳಿಯಲ್ಲಿ ಮಾತುಕತೆಗೆ ಕೂತರು. ಪ್ರೂದ್ ಇರುವುದು ಶಾಮಾತ್ಸ್‌ನ ಎದುರು, ಬೋಸ್ನಾ ನದಿಯ ಆಚೆ ದಡದಲ್ಲಿ. ತನ್ನನ್ನು ಕಟ್ಟಿ ಒಯ್ದ ಊರಿನ ಆಚೆ ದಡದಲ್ಲಿ ಸರ್ಬ್ ನಾಯಕನೊಂದಿಗೆ ಒಪ್ಪಂದಕ್ಕೆ ಕೂರುವುದು ಸುಲಭದ ಮಾತಲ್ಲ. ಸ್ವಂತ ಜನರ ನಡುವೆಯೇ ಕಟು ಟೀಕೆ ಕೇಳಬೇಕಾಯಿತು. ಆದರೆ ಆ ಮಾತುಕತೆಯ ಒಂದು ಫಲ ಕೈಗೆ ಬಂತು. 2009ರ ಮಾರ್ಚ್‌ನಲ್ಲಿ ಎರಡೂ ಭಾಗಗಳಿಗೆ ಜಂಟಿಯಾಗಿ ಸೇರಿದ, ಸ್ವಂತ ಆಡಳಿತ ಇರುವ ಬರ್ಚ್ಕೊ ಜಿಲ್ಲೆಗೆ ಸಂವಿಧಾನದ ಒಳಗೆ ಜಾಗ ಕೊಟ್ಟ ತಿದ್ದುಪಡಿ ಅಂಗೀಕಾರವಾಯಿತು. ಡೇಟನ್ ಸಂವಿಧಾನಕ್ಕೆ ಅದು ಮೊದಲ ತಿದ್ದುಪಡಿ. ಮಾತಾಡಿದ ಮೂವರಲ್ಲಿ ಒಬ್ಬರೂ ಆಗ ಅಧ್ಯಕ್ಷ ಮಂಡಳಿಯಲ್ಲಿರಲಿಲ್ಲ. ಮೂವರಿಗೂ ಇದ್ದದ್ದು ತಂತಮ್ಮ ಪಕ್ಷದ ಹಿಡಿತ, ಸಂಸತ್ತಿನಲ್ಲಿ ಮತ ಹಾಕಿಸುವ ಶಕ್ತಿ.

ಆದ್ದರಿಂದ ಬೋಸ್ನಿಯಾದ ಸುದ್ದಿ ಬಂದಾಗ ಪೀಠದಲ್ಲಿ ಯಾರಿದ್ದಾರೆಂದು ಕೇಳುವ ಮೊದಲು, ಉಳಿದ ಇಬ್ಬರು ಏನೆನ್ನುತ್ತಾರೆ, ಸಂಸತ್ತಿನಲ್ಲಿ ಮತಗಳು ಯಾರ ಬಳಿ ಇವೆ ಎಂದು ಕೇಳಿ. ಅಧ್ಯಕ್ಷ ಮಂಡಳಿಗೆ ಬೆಲೆಯೇ ಇಲ್ಲ ಎಂದು ಇದರಿಂದ ತೀರ್ಮಾನಿಸಬೇಡಿ. ಅದು ಇನ್ನೊಂದು ಅತಿರೇಕ. ಇಬ್ಬರು ಸೇರಿದರೆ ವಿದೇಶಾಂಗ ನೀತಿಯ ದಿಕ್ಕು ಬದಲಾಗಬಹುದು, ಒಬ್ಬರು ಮುನಿಸಿಕೊಂಡರೆ ತಿಂಗಳುಗಟ್ಟಲೆ ಕೆಲಸ ನಿಲ್ಲಬಹುದು.

ಪಾಠ ಮುಗಿಸಿದಾಗ ಕೆಲವು ಚುರುಕು ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ಬೇರೆ: ಶಾಮಾತ್ಸ್‌ನಲ್ಲೇ ಉಳಿದಿದ್ದರೆ ತಿಹಿಚ್ ಅಧ್ಯಕ್ಷ ಮಂಡಳಿಯ ಚುನಾವಣೆಗೆ ನಿಲ್ಲಬಹುದಿತ್ತೇ? ಆಗುತ್ತಿರಲಿಲ್ಲ. ಸಂವಿಧಾನದ ಪ್ರಕಾರ ಬೋಸ್ನಿಯಾಕ್ ಮತ್ತು ಕ್ರೊಯೇಟ್ ಸದಸ್ಯರನ್ನು ಒಕ್ಕೂಟದ ಪ್ರದೇಶದಿಂದಲೂ ಸರ್ಬ್ ಸದಸ್ಯರನ್ನು ರಿಪಬ್ಲಿಕಾ ಸರ್ಪ್ಸ್ಕಾದಿಂದಲೂ ಆರಿಸಬೇಕು. ಸ್ರೆಬ್ರೆನಿತ್ಸಾದ ಬೋಸ್ನಿಯಾಕ್ ವೈದ್ಯ ಇಲಿಯಾಸ್ ಪಿಲಾವ್ 2006ರಲ್ಲಿ ಸ್ಪರ್ಧಿಸಲು ಹೊರಟಾಗ ಇದೇ ಕಾರಣಕ್ಕೆ ಅವರ ಉಮೇದುವಾರಿಕೆ ತಿರಸ್ಕೃತವಾಯಿತು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2016ರಲ್ಲಿ ಅವರ ಪರ ತೀರ್ಪು ಕೊಟ್ಟಿತು. ಮೂರೂ ಜನಾಂಗಕ್ಕೆ ಸೇರದ ರೋಮಾ ಮತ್ತು ಯಹೂದಿ ಅರ್ಜಿದಾರರ ಪರವಾಗಿ 2009ರಲ್ಲೇ ಅಂಥದೇ ತೀರ್ಪು ಬಂದಿತ್ತು. ಅವನ್ನು ಜಾರಿಗೆ ತರಲು ಸಂವಿಧಾನ ತಿದ್ದಬೇಕು, ತಿದ್ದಲು ಕೆಳಮನೆಯಲ್ಲಿ ಮೂರನೇ ಎರಡರ ಬಹುಮತ ಬೇಕು. ತಿಹಿಚ್ 2014ರ ಸೆಪ್ಟೆಂಬರ್‌ನಲ್ಲಿ, ಪಕ್ಷದ ಅಧ್ಯಕ್ಷರಾಗಿರುವಾಗಲೇ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರ ಹುಟ್ಟೂರಿನಲ್ಲಿ ಮತದಾರರಾಗಿರುವ ಬೋಸ್ನಿಯಾಕರು 2022ರ ಚುನಾವಣೆಯಲ್ಲೂ ಸರ್ಬ್ ಸದಸ್ಯರ ಸ್ಥಾನಕ್ಕೆ ಮಾತ್ರ ಮತ ಹಾಕಬಹುದಿತ್ತು.