ಹಿಮಪಾಚಿ

ಪಾಚಿ ಎಂದರೆ ನಮಗೆ ಥಟ್ಟನೆ ನೆನಪಾಗುವುದು ಮಳೆಗಾಲದ ಬಾವಿಕಟ್ಟೆ, ಕಾಲಿಟ್ಟರೆ ಜಾರುವ ಹಸಿರು. ಹಿಮಪಾಚಿಯೂ ಹಸಿರು ಪಾಚಿಗಳ ಬಳಗದ್ದೇ, ಪಿಯುಸಿಯಲ್ಲಿ ಓದುವ ಕ್ಲ್ಯಾಮಿಡೊಮೊನಾಸ್ ಎಂಬ ಏಕಕೋಶ ಪಾಚಿಯ ನೆಂಟ. ಬೆಳೆಯುವುದು ಹಿಮದಲ್ಲಿ, ಬಣ್ಣ ಮಾತ್ರ ಕಲ್ಲಂಗಡಿ ತಿರುಳಿನದು; ಇದು ಹಬ್ಬಿದ ಕಡೆ ಹಿಮವೇ ಕೆಂಪಾಗಿ ಕಾಣುತ್ತದೆ. ಹಳೆಯ ಪುಸ್ತಕಗಳಲ್ಲಿ ಇದರ ಹೆಸರು ಕ್ಲ್ಯಾಮಿಡೊಮೊನಾಸ್ ನಿವಾಲಿಸ್. 2019ರಿಂದ ಕೆಂಪು ಹಿಮದ ಮುಖ್ಯ ಪ್ರಭೇದವನ್ನು ಸ್ಯಾಂಗ್ವಿನಾ ಎಂಬ ಹೊಸ ಕುಲದಲ್ಲಿ ಇಟ್ಟಿದ್ದಾರೆ. ಇದರ ಬಗ್ಗೆ ಮಾಹಿತಿ ಹುಡುಕುವಾಗ ಎರಡೂ ಹೆಸರು ಬೇಕು.

1818ರಲ್ಲಿ ಬ್ರಿಟಿಷ್ ನಾವಿಕ ಜಾನ್ ರಾಸ್‌ನ ಹಡಗುಗಳು ಗ್ರೀನ್‌ಲ್ಯಾಂಡ್‌ನ ಕೇಪ್ ಯಾರ್ಕ್ ಬಳಿ ಕೆಂಪು ಹಿಮ ಕಂಡಾಗ, ಅದು ಉಲ್ಕೆಯ ಕಬ್ಬಿಣದ ಬಣ್ಣವಿರಬಹುದೆಂದು ಊಹಿಸಿದವರೂ ಇದ್ದರು.

ಗಟ್ಟಿಯಾಗಿ ಹೆಪ್ಪುಗಟ್ಟಿದ ಹಿಮದಲ್ಲಿ ಇದು ಬೆಳೆಯದು. ದ್ರವರೂಪದ ನೀರು ಬೇಕೇ ಬೇಕು. ವಸಂತದಲ್ಲಿ ಕರಗಿದ ನೀರು ಹಿಮದ ಹರಳುಗಳ ನಡುವೆ ಇಳಿದಾಗ, ಸುಪ್ತವಾಗಿದ್ದ ಕೋಶಗಳಿಂದ ಎರಡು ಕಶಾಂಗಗಳಿರುವ (ಈಜಲು ನೆರವಾಗುವ ಚಾಟಿಯಂಥ ಎಳೆಗಳು) ಹಸಿರು ಕೋಶಗಳು ಹೊರಬಂದು ಬೆಳಕಿನತ್ತ ಈಜುತ್ತವೆ. ಮೇಲ್ಮೈ ಹತ್ತಿರ ಬಂದ ಮೇಲೆ ಕಶಾಂಗ ಕಳಚಿ, ದಪ್ಪ ಗೋಡೆ ಕಟ್ಟಿಕೊಂಡು, ಒಳಗೆ ಅಸ್ಟಾಕ್ಸಾಂಥಿನ್ ಎಂಬ ಕೆಂಪು ವರ್ಣದ್ರವ್ಯ ತುಂಬಿಕೊಳ್ಳುತ್ತವೆ. ಬೇಯಿಸಿದ ಸಿಗಡಿಗೆ ಕೆಂಪು ಬರುವುದೂ ಇದೇ ವರ್ಣದ್ರವ್ಯದಿಂದ. ಎತ್ತರದ ಪ್ರಖರ ಬಿಸಿಲಿನಿಂದ ಕೋಶದೊಳಗಿನ ಪತ್ರಹರಿತ್ತನ್ನು ಕಾಯುವ ಕೊಡೆ ಅದು. ಅಂದರೆ ನಮ್ಮ ಕಣ್ಣಿಗೆ ಕೆಂಪಾಗಿ ಕಾಣುವಾಗ ಅದರ ಈಜಾಟ ಮುಗಿದಿರುತ್ತದೆ.

ಈ ಕೊಡೆಗೆ ಇನ್ನೊಂದು ಕೆಲಸವೂ ಇದೆ, ನನ್ನ ಮಟ್ಟಿಗೆ ಇಲ್ಲಿ ಗಮನಿಸಬೇಕಾದದ್ದು ಅದೇ. ಬಿಳಿ ಹಿಮ ಬಿಸಿಲನ್ನು ಹಿಂದಕ್ಕೆ ಚೆಲ್ಲುತ್ತದೆ, ಕೆಂಪು ಹಿಮ ಹೀರಿ ಬಿಸಿಯಾಗುತ್ತದೆ. ಸುತ್ತಲಿನ ಹಿಮ ಕರಗಿ ಪಾಚಿಗೆ ನೀರು ಸಿಗುತ್ತದೆ, ಪಾಚಿ ಹೆಚ್ಚುತ್ತದೆ, ಹಿಮ ಇನ್ನೂ ಕರಗುತ್ತದೆ. ಅಲಾಸ್ಕಾದ ಹಾರ್ಡಿಂಗ್ ಹಿಮಕ್ಷೇತ್ರದಲ್ಲಿ ನಡೆದ, 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಪಾಚಿ ಹಬ್ಬಿದ ಕಡೆ ಕರಗಿದ ಹಿಮದಲ್ಲಿ ಸುಮಾರು 17% ಈ ಸೂಕ್ಷ್ಮಜೀವಿಗಳ ಪಾಲು.

ಪಾಚಿಯಿದ್ದಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರ, ರೋಟಿಫರ್ ಎಂಬ ಸೂಕ್ಷ್ಮ ಪ್ರಾಣಿಗಳೂ ಸೇರುತ್ತವೆ. ನೇಪಾಳದ ಯಾಲಾ ಹಿಮನದಿಯಲ್ಲಂತೂ ಪಾಚಿ, ಬ್ಯಾಕ್ಟೀರಿಯಾ ತಿಂದು ಮಂಜುಗಡ್ಡೆಯಲ್ಲೇ ಬದುಕುವ ಪುಟ್ಟ ಕೀಟವೊಂದಿದೆ. ಅದರ ವಿವರ 1984ರಲ್ಲಿ ಪ್ರಕಟವಾಯಿತು.

ಗಾಳಿ ಹೊತ್ತು ತಂದ ಮಣ್ಣೂ ಹಿಮಕ್ಕೆ ಬಣ್ಣ ಕೊಡುತ್ತದೆ, ಆದ್ದರಿಂದ ಬರಿಗಣ್ಣನ್ನು ನಂಬಬೇಡಿ. ಶುದ್ಧ ಟ್ಯೂಬಿನಲ್ಲಿ ಹಿಮ ತುಂಬಿ, 4 ಡಿಗ್ರಿ ಸೆಲ್ಸಿಯಸ್‌ನ ಕತ್ತಲಲ್ಲಿ ನಿಧಾನವಾಗಿ ಕರಗಿಸಿ. ಬಿಸಿಲಲ್ಲಿಟ್ಟು ಅವಸರಪಟ್ಟರೆ ಚಳಿಗೆ ಒಗ್ಗಿದ ಹಸಿರು ಕೋಶಗಳು ಹಾಳಾಗುತ್ತವೆ. ತಳದಲ್ಲಿ ಕೂತ ಗಸಿಯ ಒಂದು ಹನಿಯನ್ನು 400 ಪಟ್ಟು ಹಿಗ್ಗಿಸಿ ನೋಡಿ: ಮಣ್ಣಾದರೆ ಅಂಕುಡೊಂಕಾದ ಚೂರುಗಳು, ಪಾಚಿಯಾದರೆ 20 ಮೈಕ್ರೋಮೀಟರ್ ಆಸುಪಾಸಿನ ಗುಂಡನೆಯ ಕೆಂಪು ಮಣಿಗಳು.