ಜರ್ಮನಿಯ ಜಾಹೀರಾತಿನಲ್ಲಿ ‘ಇ13, 65%’ ಅಂದರೆ ಏನು?

ಜರ್ಮನಿಯ ನಮ್ಮ ಲ್ಯಾಬಿನಲ್ಲಿ ಪಿಎಚ್‌ಡಿ ಜಾಗ ಖಾಲಿಯಾದಾಗ ಬರುವ ಅರ್ಜಿಗಳನ್ನು ಮೊದಲು ಓದುವವರಲ್ಲಿ ನಾನೂ ಒಬ್ಬ. ಧಾರವಾಡ, ಮೈಸೂರು, ಮಂಗಳೂರಿನ ಹೆಸರು ಕಂಡರೆ ನನಗೆ ಖುಷಿಯಾಗುತ್ತದೆ. ಆದರೆ ‘ದಯವಿಟ್ಟು ಒಂದು ಸೀಟು ಕೊಡಿ’ ಎಂಬ ಧಾಟಿಯಲ್ಲಿ ಪತ್ರ ಶುರುವಾದರೆ ಬೇಜಾರೂ ಆಗುತ್ತದೆ. ಇಲ್ಲಿ ಸೀಟು ಅನ್ನೋ ಲೆಕ್ಕವೇ ಬೇರೆ. ಜರ್ಮನಿಯ ವಿಜ್ಞಾನ ವಿಭಾಗಗಳಲ್ಲಿ ಪಿಎಚ್‌ಡಿ ಜಾಗ ಅಂದರೆ ಹೆಚ್ಚಿನ ಸಲ ನೌಕರಿಯೇ. ಕರಾರು, ಸಂಬಳ, ರಜೆ, ಆರೋಗ್ಯ ವಿಮೆ, ಪಿಂಚಣಿ ಕಡಿತ ಎಲ್ಲವೂ ಇರುತ್ತದೆ.

ಆದ್ದರಿಂದ ಜಾಹೀರಾತನ್ನು ಹಾಗೆಯೇ ಓದಿ. ‘ಟಿವಿ-ಎಲ್ ಇ13, 65%’ ಎಂದಿದ್ದರೆ, ಮೊದಲ ಭಾಗ ರಾಜ್ಯ ಸರ್ಕಾರಿ ನೌಕರರ ಸಂಬಳದ ಶ್ರೇಣಿ. 2025ರಲ್ಲಿ ಈ ಶ್ರೇಣಿಯ ಮೊದಲ ಹಂತದ ಪೂರ್ತಿ ಸಂಬಳ ತಿಂಗಳಿಗೆ ಸುಮಾರು 4,600 ಯೂರೋ. ಅದರ 65% ಅಂದರೆ ಸುಮಾರು 3,000. ಒಂಟಿಯಾಗಿ ಇರುವವರಿಗೆ ತೆರಿಗೆ, ವಿಮೆ ಎಲ್ಲ ಕಳೆದು ಕೈಗೆ ಬರುವುದು 2,000ದ ಆಸುಪಾಸು. ಒಬ್ಬರ ಜೀವನ ನಡೆಯುತ್ತದೆ, ಮ್ಯೂನಿಕ್‌ನಂಥ ಊರಲ್ಲಾದರೆ ಬಾಡಿಗೆಯೇ ದೊಡ್ಡ ಪಾಲು ತಿನ್ನುತ್ತದೆ. ಆದರೆ 65% ಎಂದರೆ ವಾರಕ್ಕೆ 26 ಗಂಟೆ ಕೆಲಸ ಅಂದುಕೊಳ್ಳಬೇಡಿ. ಕರಾರಿನಲ್ಲಿ ಇರುವುದು ಅಷ್ಟೇ, ಉಳಿದ ಹೊತ್ತು ‘ನಿಮ್ಮ ಪ್ರಬಂಧಕ್ಕೆ’ ಎಂಬ ಲೆಕ್ಕದಲ್ಲಿ ಹೋಗುತ್ತದೆ, ಮತ್ತು ಲ್ಯಾಬ್ ಕೆಲಸದಲ್ಲಿ ಇವೆರಡರ ನಡುವೆ ಗೆರೆ ಎಳೆಯುವುದು ಕಷ್ಟ. ಇದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ.

ಆಮೇಲೆ ‘ಬೆಫ್ರಿಸ್ಟೆಟ್’ ಎಂಬ ಪದ ಹುಡುಕಿ. ಅವಧಿ ಮಿತಿ ಇದೆ ಎಂದರ್ಥ, ಸಾಮಾನ್ಯವಾಗಿ 3 ವರ್ಷ. 2007ರ ಕಾನೂನಿನ ಪ್ರಕಾರ ಪಿಎಚ್‌ಡಿ ಮುಗಿಯುವ ಮೊದಲು 6 ವರ್ಷ, ಮುಗಿದ ನಂತರ 6 ವರ್ಷ ಮಾತ್ರ ಇಂಥ ಕರಾರುಗಳಲ್ಲಿ ದುಡಿಯಬಹುದು. ವೈದ್ಯಕೀಯದಲ್ಲಿ ನಂತರದ್ದು 9 ವರ್ಷ. ಹೊರಗಿನ ಪ್ರಾಜೆಕ್ಟ್ ಹಣದ ಕರಾರುಗಳಿಗೆ ಬೇರೆ ದಾರಿ ಇದೆ. ಪೋಸ್ಟ್‌ಡಾಕ್‌ಗೆ, ಅಂದರೆ ಪಿಎಚ್‌ಡಿ ನಂತರದ ಸಂಶೋಧನೆಗೆ, ಬರುವವರು ಈ ಗಡಿಯಾರವನ್ನು ಮೊದಲ ದಿನವೇ ನೋಡಿಕೊಳ್ಳಬೇಕು.

ಒಂದು ಮಾತು ಖಡಾಖಂಡಿತವಾಗಿ ಹೇಳುತ್ತೇನೆ. ಈ ಜಾಗ ಕೊಡಿಸುತ್ತೇವೆ ಎಂದು ದುಡ್ಡು ಕೇಳುವ ಏಜೆಂಟರಿಗೆ ಒಂದು ರೂಪಾಯಿಯೂ ಕೊಡಬೇಡಿ. ಜಾಹೀರಾತು ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ, ಯೂರಾಕ್ಸೆಸ್ ಎಂಬ ಯುರೋಪಿನ ಸಂಶೋಧನಾ ನೌಕರಿಗಳ ಜಾಲತಾಣದಲ್ಲಿ ಸುಮ್ನೆ ಸಿಗುತ್ತದೆ, ಅರ್ಜಿಗೆ ಶುಲ್ಕವಿಲ್ಲ. ಇಲ್ಲಿ ಓದಲು ಬರುವವರು ವೀಸಾಕ್ಕಾಗಿ ವರ್ಷಕ್ಕೆ 11,904 ಯೂರೋ (2025ರ ಲೆಕ್ಕ) ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗಿಷ್ಟೇ ಎಂದು ಹಣ ತೆಗೆಯಲು ಬಿಡುವ ಖಾತೆಯಲ್ಲಿ, ತೋರಿಸುತ್ತಾರಲ್ಲ, ಜೀವನಕ್ಕೆ ಸಾಕಾಗುವ ಸಂಬಳದ ಕರಾರು ಕೈಲಿದ್ದರೆ ಆ ಕರಾರೇ ಆಧಾರ. ಅಪ್ಪ ಹೊಲ ಅಡ ಇಡುವ ಅಗತ್ಯ ಇಲ್ಲ.

ಅರ್ಜಿ ವಿಷಯಕ್ಕೆ ಬಂದರೆ, ಕೇಳಿದ ಕಾಗದಗಳನ್ನೆಲ್ಲ ಒಂದೇ ಪಿಡಿಎಫ್ ಮಾಡಿ, ಜಾಹೀರಾತಿನ ಉಲ್ಲೇಖ ಸಂಖ್ಯೆ ಹಾಕಿ. ಪತ್ರ ಒಂದು ಪುಟ ಸಾಕು. ಆ ಗುಂಪಿನ ಒಂದು ಪೇಪರ್ ನಿಜವಾಗಿ ಓದಿ, ನಿಮ್ಮ ಎಂಎಸ್ಸಿ ಪ್ರಾಜೆಕ್ಟಿನಲ್ಲಿ ಕೈಯಾರೆ ಮಾಡಿದ್ದು ಅದಕ್ಕೆ ಎಲ್ಲಿ ತಾಗುತ್ತದೆ ಎಂದು ಬರೆಯಿರಿ. ಪಿಸಿಆರ್ (ಡಿಎನ್‌ಎ ಪ್ರತಿ ಮಾಡುವ ಪ್ರಯೋಗ) ಎಷ್ಟು ಸಲ ಕೈಕೊಟ್ಟಿತು, ಆಮೇಲೆ ಹೇಗೆ ಸರಿಮಾಡಿದಿರಿ ಎಂಬ ಎರಡು ಸಾಲು, ಹತ್ತು ಸರ್ಟಿಫಿಕೇಟಿಗಿಂತ ಜಾಸ್ತಿ ಹೇಳುತ್ತದೆ.

ಸಂದರ್ಶನದ ಕೊನೆಗೆ ‘ಏನಾದರೂ ಕೇಳಬೇಕಾ?’ ಎನ್ನುತ್ತಾರೆ. ಆಗ ಸುಮ್ಮನಿರಬೇಡಿ. ಈ ಗುಂಪಿನಲ್ಲಿ ಹಿಂದಿನವರು ಪಿಎಚ್‌ಡಿಗೆ ಎಷ್ಟು ವರ್ಷ ತೆಗೆದುಕೊಂಡರು, 3 ವರ್ಷದ ಹಣ ಮುಗಿದ ಮೇಲೆ ಅವರ ಸಂಬಳ ಎಲ್ಲಿಂದ ಬಂತು ಎಂದು ನೇರವಾಗಿ ಕೇಳಿ. ಆಮೇಲೆ, ಆ ಲ್ಯಾಬಿನ ಒಬ್ಬ ವಿದ್ಯಾರ್ಥಿಯ ಹತ್ತಿರ ಇದನ್ನೇ ಇನ್ನೊಮ್ಮೆ ಕೇಳಿ.