ಬಟ್ಟೆ ಚೀಲವನ್ನು 7,100 ಸಲ ಬಳಸಲೇಬೇಕಾ?

ಓದುಗರ ಪ್ರಶ್ನೆ: ಹತ್ತಿ ಬಟ್ಟೆಯ ಚೀಲವನ್ನು 7,100 ಸಲ ಬಳಸಿದರೆ ಮಾತ್ರ ಅದು ಪ್ಲಾಸ್ಟಿಕ್ ಚೀಲಕ್ಕಿಂತ ಮೇಲು ಅಂತ ಎಲ್ಲ ಕಡೆ ಓದುತ್ತಿದ್ದೇನೆ. ಅಷ್ಟು ಸಲ ಬಳಸಲು ಯಾರಿಂದ ಸಾಧ್ಯ? ಹಾಗಾದರೆ ಪ್ಲಾಸ್ಟಿಕ್ಕೇ ವಾಸಿನಾ?

ಉತ್ತರ: ಈ ಸಂಖ್ಯೆಯನ್ನು ಯಾರೋ ಸುಮ್ನೆ ಹುಟ್ಟಿಸಿಲ್ಲ. ಡೆನ್ಮಾರ್ಕ್‌ನ ಪರಿಸರ ರಕ್ಷಣಾ ಸಂಸ್ಥೆ 2018ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅದು ಇದೆ. ಆದರೆ ಅದೇ ವರದಿಯಲ್ಲಿ, ಅದೇ ಚೀಲದ ಎದುರಿಗೆ, 52 ಅನ್ನುವ ಸಂಖ್ಯೆಯೂ ಇದೆ. ವಾರಕ್ಕೊಮ್ಮೆ ಚೀಲ ಹಿಡಿದು ಹೋಗುವವರಿಗೆ 52 ಸಲ ಅಂದರೆ ಒಂದು ವರ್ಷ. 7,100 ಸಲ ಅಂದರೆ 136 ವರ್ಷ! ಇಷ್ಟೊಂದು ಅಂತರ ಎಲ್ಲಿಂದ ಬಂತು ಅಂತ ತಿಳಿದರೆ ಇಂಥ ಲೆಕ್ಕಗಳನ್ನು ಓದುವುದು ಹೇಗೆ ಅನ್ನುವುದೂ ತಿಳಿಯುತ್ತದೆ.

ಒಂದು ವಸ್ತುವಿನ ಕಚ್ಚಾ ಸಾಮಗ್ರಿ, ತಯಾರಿಕೆ, ಸಾಗಣೆ, ಬಳಕೆ, ಕೊನೆಗೆ ಅದು ಕಸವಾಗುವುದು, ಹೀಗೆ ಎಲ್ಲ ಹಂತಗಳಲ್ಲೂ ಪರಿಸರದ ಮೇಲೆ ಬೀಳುವ ಭಾರವನ್ನು ಕೂಡಿಸುವ ವಿಧಾನಕ್ಕೆ ಜೀವನಚಕ್ರ ಮೌಲ್ಯಮಾಪನ ಎನ್ನುತ್ತಾರೆ. ಈ ಕೆಲಸದಲ್ಲಿರುವವರು ಎಲ್‌ಸಿಎ ಅಂತಲೇ ಕರೆಯುವುದು. 1969ರಲ್ಲಿ ಕೋಕಾ ಕೋಲಾ ಕಂಪನಿ ತನ್ನ ಪಾನೀಯ ತುಂಬುವ ಬಾಟಲಿ, ಡಬ್ಬಿಗಳನ್ನು ಹೋಲಿಸಲು ಅಮೆರಿಕದ ಮಿಡ್‌ವೆಸ್ಟ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಿಂದ ಮಾಡಿಸಿದ ಅಧ್ಯಯನ ಇದರ ಮೊದಮೊದಲ ಪ್ರಯತ್ನಗಳಲ್ಲಿ ಒಂದು. ಈಗ ಇದಕ್ಕೆ ಐಎಸ್‌ಒ 14040 ಮತ್ತು 14044 ಎಂಬ ಅಂತರರಾಷ್ಟ್ರೀಯ ಮಾನದಂಡಗಳಿವೆ.

ಲೆಕ್ಕ ಶುರುವಾಗುವುದು ಆ ವಸ್ತುವಿನಿಂದ ನಮಗೆ ಆಗಬೇಕಾದ ಕೆಲಸ ಯಾವುದು ಅನ್ನುವುದರಿಂದ. ಒಂದು ಬಟ್ಟೆ ಚೀಲವನ್ನೂ ಒಂದು ಪ್ಲಾಸ್ಟಿಕ್ ಚೀಲವನ್ನೂ ತಕ್ಕಡಿಯ ಎರಡು ಕಡೆ ಇಟ್ಟರೆ ಏನೂ ತಿಳಿಯುವುದಿಲ್ಲ, ಅಲ್ವಾ? ಒಂದು ವರ್ಷಗಟ್ಟಲೆ ಬರುತ್ತದೆ, ಇನ್ನೊಂದು ಒಂದೇ ದಿನಕ್ಕೆ ಹರಿಯಬಹುದು. ಹಾಗಾಗಿ ಡೆನ್ಮಾರ್ಕ್‌ನವರು ಕೆಲಸವನ್ನು ಮೊದಲು ಗೊತ್ತು ಮಾಡಿಕೊಂಡರು: 22 ಲೀಟರ್ ಜಾಗ ಹಿಡಿಯುವ, 12 ಕಿಲೋ ತೂಗುವ ಸಾಮಾನನ್ನು ಒಂದು ಸಲ ಅಂಗಡಿಯಿಂದ ಮನೆಗೆ ಒಯ್ಯುವುದು. ಈ ಒಂದು ಕೆಲಸಕ್ಕೆ ಯಾವ ಚೀಲದಿಂದ ಎಷ್ಟು ಭಾರ ಅನ್ನುವುದೇ ಪ್ರಶ್ನೆ.

ಹತ್ತಿಗೆ ಭಾರ ಜಾಸ್ತಿ ಬರುವುದರಲ್ಲಿ ಗುಟ್ಟೇನಿಲ್ಲ. ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಇಂಥದ್ದೇ ಅಧ್ಯಯನದಲ್ಲಿ ತೆಳು ಪ್ಲಾಸ್ಟಿಕ್ ಚೀಲ ಸುಮಾರು 8 ಗ್ರಾಂ ಇತ್ತು, ಹತ್ತಿಯದು ಸುಮಾರು 180 ಗ್ರಾಂ. ಆ ಹತ್ತಿಯನ್ನು ಬೆಳೆಯಲು ನೀರು, ಗೊಬ್ಬರ, ಕೀಟನಾಶಕ ಬೇಕು. ನೂಲಲು, ನೇಯಲು ವಿದ್ಯುತ್ ಬೇಕು. ಹೊಲಕ್ಕೆ ಹಾಕಿದ ಸಾರಜನಕದ ಗೊಬ್ಬರದಲ್ಲಿ ಒಂದಿಷ್ಟು ಪಾಲು ನೈಟ್ರಸ್ ಆಕ್ಸೈಡ್ ಆಗಿ ಗಾಳಿಗೆ ಸೇರುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಆ ಅನಿಲ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 273 ಪಟ್ಟು ಹೆಚ್ಚು ಬಿಸಿ ಹಿಡಿದಿಡುತ್ತದೆ. ಬರೀ ಹವಾಮಾನದ ಮೇಲಿನ ಈ ಭಾರವನ್ನು ನೋಡಿದಾಗ ಡೆನ್ಮಾರ್ಕ್‌ನ ವರದಿಗೆ ಸಿಕ್ಕಿದ್ದು 52.

ಆದರೆ ಪರಿಸರಕ್ಕೆ ಆಗುವ ಹಾನಿ ಹವಾಮಾನ ಒಂದರದ್ದೇ ಅಲ್ಲ. ನೀರಿನ ಬಳಕೆ, ಕೆರೆ ಹೊಳೆಗಳಿಗೆ ಪೋಷಕಾಂಶ ಸೇರಿ ಪಾಚಿ ಕಟ್ಟುವುದು, ಮಣ್ಣು ಆಮ್ಲವಾಗುವುದು, ವಿಷ, ಓಝೋನ್ ಪದರದ ಸವೆತ, ಹೀಗೆ ಹತ್ತಕ್ಕೂ ಹೆಚ್ಚು ಅಳತೆಗೋಲುಗಳಿವೆ. ವರದಿ ಪ್ರತಿಯೊಂದಕ್ಕೂ ಬೇರೆ ಬೇರೆಯಾಗಿ ಎಷ್ಟು ಸಲ ಬಳಸಬೇಕು ಅಂತ ಲೆಕ್ಕ ಹಾಕಿ, ಅವುಗಳಲ್ಲಿ ಅತಿ ದೊಡ್ಡದನ್ನು ಆರಿಸಿಕೊಂಡಿತು. ಅದೇ 7,100. ಅದು ಬಂದಿದ್ದು ಓಝೋನ್ ಪದರದ ಅಳತೆಯೊಂದರಿಂದ. ಓಝೋನನ್ನು ಬಿಟ್ಟು ನೋಡಿದರೆ ಹತ್ತಿ ಚೀಲಕ್ಕೆ 50ರಿಂದ 1,400 ಸಲ ಅಂತ ಅದೇ ವರದಿ ಹೇಳುತ್ತದೆ. ಇದು ಸುದ್ದಿಗಳಲ್ಲಿ ಬಂದಿದ್ದು ಬಹಳ ಕಡಿಮೆ. 1,400 ಕೂಡ ಚಿಕ್ಕದಲ್ಲ, ಅದನ್ನು ನಾನು ಮರೆಮಾಚುವುದಿಲ್ಲ. ಹತ್ತಿ ನಿಜಕ್ಕೂ ದುಬಾರಿ ಬೆಳೆ. ಆದರೂ 136 ವರ್ಷದ ಮಾತು ಬೇರೆ, 27 ವರ್ಷದ ಮಾತು ಬೇರೆ.

ಸಾವಯವ ಹತ್ತಿಯ ಚೀಲದ ಕಥೆ ಇನ್ನೂ ಸ್ವಾರಸ್ಯದ್ದು. ಅದಕ್ಕೆ ವರದಿ ಕೊಟ್ಟಿದ್ದು ಹವಾಮಾನಕ್ಕೆ 149, ಎಲ್ಲ ಅಳತೆಗಳಲ್ಲಿ ಅತಿ ದೊಡ್ಡದನ್ನು ಹಿಡಿದರೆ 20,000. ಸಾವಯವ ಬೆಳೆ ಪರಿಸರಕ್ಕೆ ಅಷ್ಟು ಕೆಟ್ಟದ್ದಾ ಅಂತ ಗಾಬರಿಯಾಗುತ್ತದೆ. ಎರಡು ವಿಷಯ ಗಮನಿಸಿ. ಒಂದು, ಅಲ್ಲಿ ಪರೀಕ್ಷಿಸಿದ ಸಾವಯವ ಚೀಲ ಸ್ವಲ್ಪ ಚಿಕ್ಕದು, 22 ಲೀಟರ್ ಹಿಡಿಯುತ್ತಿರಲಿಲ್ಲ. ಕೆಲಸ ಪೂರ್ತಿಯಾಗಲು ಎರಡು ಚೀಲ ಬೇಕು ಅಂತ ಲೆಕ್ಕ ಹಾಕಿದರು. ಎರಡು, ಸಾವಯವದಲ್ಲಿ ಇಳುವರಿ 30% ಕಡಿಮೆ ಅಂತ ಹಿಡಿದರು. ಈಗ ನೀವೇ ಗುಣಿಸಿ ನೋಡಿ: 52ರ ಎರಡರಷ್ಟು 104. ಅದನ್ನು 0.7ರಿಂದ ಭಾಗಿಸಿದರೆ 149 ಆಗುತ್ತದೆ. 7,100ಕ್ಕೂ ಹಾಗೇ ಮಾಡಿದರೆ 20,000ದ ಆಸುಪಾಸಿಗೆ ಬರುತ್ತದೆ. ಚೀಲವನ್ನು ಇನ್ನೆರಡು ಲೀಟರ್ ಹೆಚ್ಚು ಹಿಡಿಯುವಂತೆ ಹೊಲಿದಿದ್ದರೆ ಈ ಸಂಖ್ಯೆ ಸರಿಸುಮಾರು ಅರ್ಧಕ್ಕೆ ಇಳಿಯುತ್ತಿತ್ತು. ಇದರಲ್ಲಿ ಯಾರ ಮೋಸವೂ ಇಲ್ಲ. ವರದಿ ಎಲ್ಲವನ್ನೂ ಬಿಚ್ಚಿ ಬರೆದಿದೆ. ತಲೆಬರಹ ಕೊಡುವವರು ಮಾತ್ರ ಕೊನೆಯ ಸಂಖ್ಯೆಯೊಂದನ್ನೇ ಎತ್ತಿಕೊಂಡರು.

ಇನ್ನು ಹೋಲಿಕೆಯ ಆ ಕಡೆ. ಪ್ಲಾಸ್ಟಿಕ್ ಚೀಲವನ್ನು ಮನೆಗೆ ತಂದ ಮೇಲೆ ಏನು ಮಾಡುತ್ತೀರಿ ಅನ್ನುವುದೂ ಉತ್ತರವನ್ನು ಬದಲಿಸುತ್ತದೆ. ಬ್ರಿಟನ್ನಿನ ಅಧ್ಯಯನದಲ್ಲಿ, ತೆಳು ಪ್ಲಾಸ್ಟಿಕ್ ಚೀಲವನ್ನು ಒಂದೇ ಸಲ ಬಳಸಿ ಎಸೆಯುವವರ ಎದುರು ಹತ್ತಿ ಚೀಲ ಹವಾಮಾನದ ಲೆಕ್ಕದಲ್ಲಿ ಗೆಲ್ಲಲು 131 ಸಲ ಸಾಕು. ಆ ಪ್ಲಾಸ್ಟಿಕ್ ಚೀಲಗಳೆಲ್ಲ ಮತ್ತೆ ಕಸದ ಬುಟ್ಟಿಯೊಳಗಿನ ಚೀಲವಾಗಿ ಬಳಕೆಯಾದರೆ 327 ಸಲ ಬೇಕು. ಹತ್ತಿ ಚೀಲ ಬದಲಾಗಲಿಲ್ಲ, ಎದುರಾಳಿ ಬದಲಾಯಿತು. ಡೆನ್ಮಾರ್ಕ್‌ನ ವರದಿಯೂ ಪ್ಲಾಸ್ಟಿಕ್ ಚೀಲ ಹೀಗೆ ಮರುಬಳಕೆಯಾಗುತ್ತದೆ, ಆಮೇಲೆ ಪುರಸಭೆಯ ಕಸದ ವ್ಯವಸ್ಥೆಗೆ ತಪ್ಪದೆ ಸೇರುತ್ತದೆ ಅಂತಲೇ ಹಿಡಿದಿತ್ತು.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ಬೀದಿಗೆ, ಚರಂಡಿಗೆ, ಸಮುದ್ರಕ್ಕೆ ಸೇರುವ ಪ್ಲಾಸ್ಟಿಕ್ ಆ ಲೆಕ್ಕದಲ್ಲಿ ಇಲ್ಲ. ಡೆನ್ಮಾರ್ಕ್‌ನಲ್ಲಿ ಅದು ತೀರಾ ಕಡಿಮೆ ಅಂತ ಬಿಟ್ಟುಬಿಟ್ಟರು, ಅಲ್ಲಿಗೆ ಅದು ಸರಿಯೇ ಇರಬಹುದು. ಕಸ ಸರಿಯಾಗಿ ಸಂಗ್ರಹವಾಗದ ಜಾಗಕ್ಕೆ ಆ ಸಂಖ್ಯೆಯನ್ನು ಹೊತ್ತು ತಂದರೆ ತಪ್ಪು. ಪ್ರಾಣಿಯ ಹೊಟ್ಟೆ ಸೇರುವ ಪ್ಲಾಸ್ಟಿಕ್‌ಗೆ ಆ ವರದಿಯಲ್ಲಿ ಅಳತೆಯೇ ಇಲ್ಲ. ಅಳೆಯದೇ ಬಿಟ್ಟದ್ದು ಸೊನ್ನೆ ಅಂತ ಓದಿಕೊಳ್ಳಬಾರದು.

ಹಾಗಂತ ಎಲ್‌ಸಿಎ ಬೇಡ ಅನ್ನುವುದು ಅವಸರದ ಮಾತು. ಭಾರ ಯಾವ ಹಂತದಲ್ಲಿ ಬೀಳುತ್ತಿದೆ ಅಂತ ತೋರಿಸುವುದರಲ್ಲಿ ಇದಕ್ಕಿಂತ ಒಳ್ಳೆಯ ವಿಧಾನ ನಮ್ಮಲ್ಲಿಲ್ಲ. ಸ್ಮಾರ್ಟ್‌ಫೋನಿನ ಭಾರದಲ್ಲಿ ಹೆಚ್ಚಿನ ಪಾಲು ತಯಾರಿಕೆಯದು, ಹಾಗಾಗಿ ಅದನ್ನು ಇನ್ನೆರಡು ವರ್ಷ ಬಳಸುವುದು ದೊಡ್ಡ ಉಳಿತಾಯ. ಹಳೆಯ, ಕರೆಂಟು ನುಂಗುವ ಫ್ರಿಜ್ಜಿಗೆ ಇದೇ ಬುದ್ಧಿವಾದ ಒಪ್ಪುವುದಿಲ್ಲ. ಯಾಕೆಂದರೆ ಅದರ ಭಾರ ಬಹುಪಾಲು ಓಡುವಾಗಲೇ ಬೀಳುವುದು.

ಈಗ ನಿಮ್ಮ ಪ್ರಶ್ನೆಗೆ ನೇರವಾಗಿ. ಮನೆಯಲ್ಲಿ ಈಗಾಗಲೇ ಬಟ್ಟೆ ಚೀಲ ಇದ್ದರೆ ಅದನ್ನೇ ಬಳಸಿ, ಹರಿಯುವವರೆಗೂ ಬಳಸಿ. ಅದನ್ನು ತಯಾರಿಸಿದ ಭಾರ ಆಗಿಹೋಗಿದೆ, ನೀವು ಬಳಸದೆ ಮೂಲೆಗಿಟ್ಟರೂ ಅದು ವಾಪಸ್ ಬರುವುದಿಲ್ಲ. ಹಳೆಯ ಬಟ್ಟೆಯಿಂದ ಹೊಲಿದ ಚೀಲವಾದರೆ ಇನ್ನೂ ಒಳ್ಳೆಯದು, ಅದಕ್ಕಾಗಿ ಹೊಸ ಹತ್ತಿ ಬೆಳೆಯಬೇಕಾಗಲಿಲ್ಲ. ಗಟ್ಟಿ ಪ್ಲಾಸ್ಟಿಕ್ ಚೀಲವೊಂದು ಕೈಯಲ್ಲಿದ್ದರೆ ಅದನ್ನೂ ಎಸೆಯದೆ ಮತ್ತೆ ಮತ್ತೆ ಒಯ್ಯಿರಿ. ಹೊಸ ಬಟ್ಟೆ ಚೀಲ ಕೊಳ್ಳುವ ಮುಂಚೆ ಮಾತ್ರ ಎರಡು ಸಲ ಯೋಚಿಸಿ. ಸಭೆ ಸಮಾರಂಭಗಳಲ್ಲಿ ಹೆಸರು ಅಚ್ಚು ಹಾಕಿಸಿ ಹಂಚುವ ಹತ್ತಿ ಚೀಲಗಳನ್ನು ಬೇಡ ಅನ್ನಲು ಹಿಂಜರಿಯಬೇಡಿ. ಹತ್ತನೆಯ ಚೀಲ ಮನೆಗೆ ಬಂದರೆ ಮೊದಲ ಒಂಬತ್ತಕ್ಕೂ ಬಳಕೆ ಕಡಿಮೆಯಾಗುತ್ತದೆ. ಆಗ 52 ಕೂಡ ದೂರವೇ.